ಕೊಬ್ಬರಿ ಮಂಡಿಯಲ್ಲಿ ಸ್ಪೇನಿನ ನಾಟಕ

ಅಜ್ಜಂಪುರದ ಮಲ್ಲಿಕಾಂಬ ದಿನಾ ರೈಲಿನಲ್ಲಿ ಕಡೂರಿಗೆ ಹೋಗಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ೧೯೭೮ರಲ್ಲಿ ಅಂಚೆ ಶಿಕ್ಷಣದಲ್ಲಿ ಎಂ.ಎ.ಗೆ ಕಟ್ಟಿದರು. ಕಟ್ಟಿದ ಮೇಲೆ ಗೊತ್ತಾಯಿತು, ಒಂದು ಪತ್ರಿಕೆ ಪೂರ್ತಿ ಹಳೆಯ ಸ್ಪೇನ್ ದೇಶದ ನಾಟಕಗಳದ್ದು. ಬೇಸರದಿಂದಲೇ ಪುಸ್ತಕ ಬಿಚ್ಚಿದವರು ಬೀರೂರು ಬರುವಷ್ಟರಲ್ಲಿ ಒಬ್ಬರೇ ನಗತೊಡಗಿದ್ದರು. ಮುನ್ನೂರೈವತ್ತು ವರ್ಷದ ಹಿಂದೆ ಅಲ್ಲಿ ಮನೆಗಳ ನಡುವಿನ ಅಂಗಳದಲ್ಲಿ, ಹಗಲು ಬೆಳಕಲ್ಲೇ ನಾಟಕ ನಡೆಯುತ್ತಿತ್ತಂತೆ. ಹೆಂಗಸರಿಗೆ ಮೇಲೆ ಬೇರೆ ಅಟ್ಟ. ಅದರ ಹೆಸರು 'ಅಡುಗೆ ಗಡಿಗೆ'. ಅಲ್ಲಿಂದ ಅವರು ಕೂಗುವ ಕೂಗಿಗೆ ನಟರು ನಡುಗುತ್ತಿದ್ದರಂತೆ. ಅದೂ ಸಾಲದೆಂಬಂತೆ, ನಟಿಯರು ಗಂಡುವೇಷ ಹಾಕಿ ಕತ್ತಿ ಹಿಡಿದು ಬರುತ್ತಿದ್ದರಂತೆ!

ಸಂಜೆ ಒಲೆಯ ಮುಂದೆ ಇದನ್ನೆಲ್ಲ ಕೇಳಿದ ಅತ್ತೆ ಕಾಮಾಕ್ಷಮ್ಮ, "ನಮ್ ಕೊಬ್ಬರಿ ಮಂಡಿ ಅಂಗಳದಾಗೆ ಆಡು, ನಾನ್ ಅಟ್ಟದಾಗೆ ಕೂತ್ಕಂತೀನಿ," ಎಂದರು. ತಮಾಷೆಗೆ ಅಂದದ್ದೋ ನಿಜವಾಗಿ ಅಂದದ್ದೋ, ಮಲ್ಲಿಕಾಂಬ ವಿಚಾರಿಸಲು ಹೋಗಲಿಲ್ಲ.

ಅದೇ ಧಾಟಿಯಲ್ಲಿ ತಾವೇ ಒಂದು ನಾಟಕ ಬರೆದರು. ಮಾತು ಕೊಟ್ಟು ಓಡಿಹೋದವನನ್ನು ಮೀಸೆ ಅಂಟಿಸಿಕೊಂಡು ಹುಡುಕಿ ಹೊರಟ ಹೆಣ್ಣಿನ ಕಥೆ. ಹೆಣ್ಣು ಅವರೇ. ಓಡಿಹೋದವನು ಹಾರ್ಮೋನಿಯಂ ಮೇಷ್ಟ್ರು ತೀರ್ಥಪ್ಪ. ಕಂಪನಿ ನಾಟಕಗಳಲ್ಲಿ ಮೂವತ್ತು ವರ್ಷ ಬರೀ ಸ್ತ್ರೀಪಾತ್ರ ಮಾಡಿದವರು.

"ಗಂಡಸ್ರ ಥರ ನಡೆಯೋದೇ ಮರ್ತೋಗೈತೆ ಮೇಡಮ್ಮೋರೆ," ಎಂದು ತೀರ್ಥಪ್ಪ ಅಳುಕಿದರು.

"ನನಗಂತೂ ಗೊತ್ತೇ ಇಲ್ಲ. ಇಬ್ರೂ ಕಲಿಯೋಣ ಬನ್ನಿ ಮೇಷ್ಟ್ರೇ."

ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಮಂಡಿಯ ಅಂಗಳ ತುಂಬಿತು. ಕೊಬ್ಬರಿ ಸರಿಸಿ ಅಟ್ಟದ ತುಂಬ ಹೆಂಗಸರು ಕೂತರು. ಹೆಗಲಿಗೆ ಕುರಿ ಕಂಬಳಿ, ಕೈಯಲ್ಲಿ ಮರದ ಕತ್ತಿ; ಮಲ್ಲಿಕಾಂಬ ನುಗ್ಗಿ ಬಂದು, "ದ್ರೋಹಿ, ನಿಲ್ಲು!" ಎಂದು ಗರ್ಜಿಸಿದರು. ತೀರ್ಥಪ್ಪ ತಿರುಗಿ ಕತ್ತಿ ಹಿರಿಯಬೇಕಿತ್ತು. ಮೂವತ್ತು ವರ್ಷದ ಅಭ್ಯಾಸ ಬಿಡಬೇಕಲ್ಲ! ತಾವೂ ಹೊದ್ದಿದ್ದ ಕಂಬಳಿಯ ಅಂಚನ್ನು ಸೆರಗಿನಂತೆ ಮುಖಕ್ಕೆಳೆದುಕೊಂಡು, "ಅಯ್ಯೋ ಪ್ರಾಣನಾಥಾ!" ಎಂದು ಕಾಲಿಗೆ ಬಿದ್ದರು.

ಜನ ಬಿದ್ದು ಬಿದ್ದು ನಕ್ಕರು. ಅಟ್ಟದಿಂದ ಬಗ್ಗಿದ ಕಾಮಾಕ್ಷಮ್ಮ, "ಬಿಡಬ್ಯಾಡ ಕಣೇ ಮಲ್ಲೀ! ಅಳೋನ್ನ ನಂಬಬ್ಯಾಡ, ಎರಡು ಬಿಗಿ!" ಎಂದು ಕೂಗಿದರು.

ಮಲ್ಲಿಕಾಂಬರಿಗೆ ಮುಂದಿನ ಮಾತೇ ಮರೆತುಹೋಯಿತು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು, ಅದೂ ಸ್ವಂತ ಅತ್ತೆಯ ಬಾಯಲ್ಲಿ! ಸಂತೋಷಕ್ಕೆ ತಲೆ ಗಿರ್ರೆಂದಿತು. ಅರ್ಧ ಕಿತ್ತುಬಂದ ಮೀಸೆ ತಿರುವಿ, ಅಟ್ಟದ ಕಡೆ ಕತ್ತಿ ಚಾಚಿ, "ಅಪ್ಪಣೆ ಮಹಾರಾಣೀ! ಎಲ್ಲಿಗೆ ಬಿಗೀಲಿ?" ಎಂದರು.

"ಬೆನ್ನಿಗೆ!" ಇಡೀ ಅಟ್ಟವೇ ಉತ್ತರ ಕೊಟ್ಟಿತು.

ತೀರ್ಥಪ್ಪ ಸೆರಗು ಬಿಡದೆ ಕಂಬಗಳ ಸುತ್ತ ಓಡಿದರು. ಬರೆದ ನಾಟಕ ಅಲ್ಲಿಗೇ ಮುಗಿಯಿತು; ಬರೆಯದ್ದು ಇನ್ನೊಂದು ಗಂಟೆ ನಡೆಯಿತು.

ಪರೀಕ್ಷೆಯಲ್ಲಿ ಸ್ಪೇನಿನ ಪ್ರೇಕ್ಷಕರ ಬಗ್ಗೆಯೇ ಪ್ರಶ್ನೆ ಬಂತು. ಮಲ್ಲಿಕಾಂಬ ಕಿಸಕ್ಕೆಂದು ನಗುತ್ತ ಹಾಳೆಯ ಮೇಲೆ ಹಾಳೆ ಬರೆದು, ಮೇಲ್ವಿಚಾರಕರಿಂದ ಎರಡು ಸಲ ಬೈಸಿಕೊಂಡು, ಒಳ್ಳೆಯ ಅಂಕವನ್ನೇ ಪಡೆದರು. ಮರುವರ್ಷ ತರೀಕೆರೆಯಲ್ಲಿ ಅದೇ ನಾಟಕ ಆಡಿದಾಗ ಕಾಮಾಕ್ಷಮ್ಮ ಹೆಂಗಸರ ಸಾಲಿನಲ್ಲಿ ಕೂರಲು ಒಪ್ಪಲಿಲ್ಲ. ಹಟ ಹಿಡಿದು ನ್ಯಾಯಾಧೀಶನ ಪಾತ್ರ ಪಡೆದು, ತೀರ್ಥಪ್ಪನವರಿಗೆ ಶಿಕ್ಷೆ ಹೇಳಲು ಎದ್ದವರು ಅರ್ಧ ಗಂಟೆಯಾದರೂ ಕೂರಲಿಲ್ಲ.