ದಲ್ಲಾಳಿಯ ಮಗಳು ಬರೆದ ನಿಬಂಧ

ನನ್ನ ಮಗಳಿಗೆ ಬರೆಯುವ ರುಚಿ ಹತ್ತಿಸಲು ನನಗೆ ಬಿದ್ದ ಖರ್ಚು ಇಷ್ಟು: ಒಂದೂಕಾಲು ರೂಪಾಯಿಯ ಒಂದು ನಿಬಂಧಮಾಲೆ, ಒಂದು ಚೀಲ ಶೇಂಗಾ, ಮತ್ತು ಒಂದು ಜೋಡಿ ಎತ್ತಿನ ವ್ಯಾಪಾರ. ಮೊದಲಿನ ಎರಡನ್ನು ನಾನೇ ಬುದ್ಧಿ ಓಡಿಸಿ ಖರ್ಚು ಮಾಡಿದೆ, ಎರಡೂ ದಂಡವಾದವು. ಮೂರನೆಯದು ನನ್ನನ್ನು ಕೇಳದೆ ಹೋಯಿತು. ಕೆಲಸ ಆದದ್ದು ಅದರಿಂದ.

ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದ ದನದ ಪೇಟೆಯಲ್ಲಿ ನಾನು ಎತ್ತಿನ ದಲ್ಲಾಳಿ. ದೊಡವಾಡದಿಂದ ಬರುವಾಗ ನನ್ನ ಹತ್ತಿರ ನಾಲ್ಕನೆಯ ಇಯತ್ತೆಯ ಓದು ಮತ್ತು ಒಂದು ಹಗ್ಗ ಇದ್ದವು. ಹಗ್ಗವೇ ಹೆಚ್ಚು ಉಪಯೋಗಕ್ಕೆ ಬಂತು. ಹಾಗಾಗಿ ಮಗಳಾದರೂ ಓದಲಿ, ಬರೆಯಲಿ ಎಂದು ಆಸೆ. ಆಗ ಅವಳು ಐದನೆಯ ಇಯತ್ತೆ. ಸಾಲಿಯಿಂದ ಬಂದವಳೇ ನನ್ನ ಅವ್ವನ ಮುಂದೆ ಕುಳಿತು, ಯಾರ ಮನೆಯ ಬೆಕ್ಕು ಯಾರ ಮನೆಯ ಹಾಲು ಕುಡಿಯಿತು, ಅದಕ್ಕೆ ಇಬ್ಬರು ಹೆಂಗಸರು ಹೇಗೆ ಕೈ ತಿರುವಿ ಜಗಳಾಡಿದರು ಎಂದು ರೊಟ್ಟಿ ತಣ್ಣಗಾಗುವ ತನಕ ಹೇಳುತ್ತಿದ್ದಳು. ಅದೇ ಹುಡುಗಿಯ ನಿಬಂಧದ ವಹಿ ತೆರೆದರೆ: 'ಎತ್ತು ಸಾಕುಪ್ರಾಣಿ. ಎತ್ತಿಗೆ ನಾಲ್ಕು ಕಾಲುಗಳಿವೆ. ಎತ್ತು ಬಹಳ ಉಪಕಾರಿ.' ನಾಲ್ಕು ಕಾಲಿವೆ ಎಂಬ ಕಾರಣಕ್ಕೆ ಇಲ್ಲಿಯ ತನಕ ಯಾರೂ ನನ್ನ ಕಡೆ ಎತ್ತು ಕೊಂಡಿಲ್ಲ.

ಅಷ್ಟರಲ್ಲಿ ಸವದತ್ತಿಯಲ್ಲಿ ಸುತ್ತಲಿನ ಸಾಲಿಗಳ ಮಕ್ಕಳಿಗೆ ನಿಬಂಧ ಸ್ಪರ್ಧೆ ಇದೆ ಎಂದು ಸುದ್ದಿ ಬಂತು. ಮಗಳಿಗೆ ಹೋಗುವ ಹುಕಿ. ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ, ಒಂದೂವರೆ ರೂಪಾಯಿಯ ನಿಬಂಧಮಾಲೆಯನ್ನು ಅರ್ಧ ತಾಸು ಜಗ್ಗಾಡಿ ಒಂದೂಕಾಲಕ್ಕೆ ತಂದೆ. ಅವಳು ಅದರೊಳಗಿನ 'ಮಳೆಗಾಲ'ವನ್ನು ಬಾಯಿಪಾಠ ಮಾಡಿ ಬರೆದಳು. ಅದರಲ್ಲಿ ನವಿಲು ಕುಣಿಯಿತು, ಕಡಲು ಉಕ್ಕಿತು. ಬೈಲಹೊಂಗಲದಲ್ಲಿ ಕಡಲು! ಮಾಸ್ತರು ಹತ್ತಕ್ಕೆ ಆರು ಕೊಟ್ಟರು. ಅದೇ ವರ್ಗದಲ್ಲಿ ಇನ್ನೂ ಏಳು ಹುಡುಗಿಯರ ವಹಿಯಲ್ಲಿ ಅದೇ ನವಿಲು ಕುಣಿದಿತ್ತು, ಅವರಿಗೂ ಆರಾರು. ಆಮೇಲೆ ವಿಚಾರಿಸಿದರೆ, ಉಳಿದ ಅಪ್ಪಂದಿರು ಅದೇ ಅಂಗಡಿಯಲ್ಲಿ ಆ ಪುಸ್ತಕವನ್ನು ಒಂದೇ ರೂಪಾಯಿಗೆ ತಂದಿದ್ದರು.

ಸಿಟ್ಟು ಬಂದು ಒಬ್ಬ ನಿವೃತ್ತ ಮಾಸ್ತರರನ್ನು ಮನೆಪಾಠಕ್ಕೆ ಗೊತ್ತು ಮಾಡಿದೆ. ಸಂಬಳ ಒಂದು ಚೀಲ ಶೇಂಗಾ. ಅವರು ಅಕ್ಷರ ದುಂಡಗೆ ಮಾಡಿಸಿದರು, ಪ್ರತಿ ಸಾಲಿಗೂ ಒಂದು 'ರಮಣೀಯ' ಹಾಕಿಸಿದರು, ತಪ್ಪಿದ ಶಬ್ದವನ್ನು ಇಪ್ಪತ್ತೈದು ಸಲ ಬರೆಸಿದರು. ಹದಿನೈದು ದಿನದಲ್ಲಿ ಮಗಳಿಗೆ ಸಂಜೆ ಆದರೆ ಹೊಟ್ಟೆನೋವು. ಬೆಕ್ಕಿನ ಕಥೆಯೂ ನಿಂತಿತು, ಹೆಂಗಸರ ಜಗಳವೂ ನಿಂತಿತು. ಊಟಕ್ಕೆ ಕುಳಿತರೆ ಬರೀ ಊಟ.

ಅವ್ವ ಒಂದು ದಿನ ನನ್ನನ್ನು ಹಿಡಿದಳು. "ಯಪ್ಪಾ, ಮಾತಾಡೂ ಕೂಸಿನ ಬಾಯಿಗೆ ಕೀಲಿ ಹಾಕಿ ಕೀಲಿಕೈ ಶೇಂಗಾ ಚೀಲದಾಗ ಇಟ್ಟಿಯೇನ? ನಿನ್ನ ಸ್ಪರ್ಧಾ ಹಾಳಾಗ್ಲಿ, ನನ್ನ ಹುಡುಗಿ ನನಗ ಕೊಡು."

ನನಗೂ ಅಂಜಿಕೆ ಆಯಿತು. ಹೊಡೆದು ಹೊಡೆದು ಕಣ್ಣು ಸತ್ತ ಎತ್ತುಗಳನ್ನು ನಾನು ಕಂಡವನು. ಅಂಥ ಎತ್ತು ದುಡಿಯುತ್ತದೆ, ಆದರೆ ತಲೆ ಎತ್ತಿ ನೋಡುವುದಿಲ್ಲ. ಮನೆಪಾಠ ಬಿಡಿಸಿದೆ. ಸಂತೆಯ ದಿನ ಅವಳನ್ನು ಪೇಟೆಗೆ ಕರೆದುಕೊಂಡು ಹೋಗಿ, "ನಿನಗ ಕಂಡದ್ದ ಬರಿ, ತಂಗಿ. ಕಾಣದ್ದ ಬರೀಬ್ಯಾಡ" ಅಂದೆ. ಎತ್ತನ್ನು ಹೇಗೆ ನೋಡಬೇಕೆಂದು ತೋರಿಸಿದೆ: ಬಾಯಿ ತೆರೆಸಿ ಹಲ್ಲು, ಬೆನ್ನ ಮೇಲಿನ ಸುಳಿ, ಹತ್ತು ಹೆಜ್ಜೆ ನಡೆಸಿ ಕಾಲು. ದರ ಮಾಡುವ ರೀತಿಯನ್ನೂ ಹೇಳಿಕೊಟ್ಟೆ. ನಮ್ಮ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಕೈಮೇಲೆ ಟಾವೆಲ್ ಹಾಕಿಕೊಂಡು, ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಾನೆ. ಒಂದೊಂದು ಬೆರಳಿಗೆ ನೂರು ರೂಪಾಯಿ. ಸುತ್ತ ನಿಂತವರಿಗೆ ಏನೂ ಕಾಣದು. ಕಾಣದು ಎಂದು ನಾನು ತಿಳಿದಿದ್ದೆ. ಹತ್ತು ವರ್ಷದ ಹುಡುಗಿಯ ಎತ್ತರಕ್ಕೆ ಆ ಟಾವೆಲ್ ಒಂದು ಚಪ್ಪರ ಎಂದು ನನಗೆ ಹೊಳೆಯಲೇ ಇಲ್ಲ.

ಆ ದಿನ ರಾಮದುರ್ಗದ ಕಡೆಯವನೊಬ್ಬನ ಜೋಡಿಯನ್ನು ನೇಸರಗಿಯ ಒಬ್ಬ ಹಿರಿಯರಿಗೆ ಕುದುರಿಸಿದೆ. ಹಣ ಮುಂದಿನ ಸಂತೆಗೆ ಕೊಡುವುದು, ಅಲ್ಲಿಯ ತನಕ ಎತ್ತು ನನ್ನ ಹಿತ್ತಲಲ್ಲಿ ಇರುವುದು ಎಂದು ಮಾತಾಯಿತು.

ಮೂರು ದಿನ ಬಿಟ್ಟು ಸಾಲಿಯ ಮಾಸ್ತರು ಮನೆಗೆ ಬಂದರು. ಕಂಕುಳಲ್ಲಿ ಮಗಳ ವಹಿ.

"ಬರ್ರಿ ಮಾಸ್ತರ್ರ, ಕುಂತ್ರಿ. ಚಾ ತಗೋರಿ."

"ಚಾ ಆಮ್ಯಾಲ ಆಗತೈತಿ. ನಿಮ್ಮ ಮಗಳು ಭಾಳ ಛಲೋ ಬರದಾಳ್ರಿ. ಹತ್ತಕ್ಕ ಒಂಬತ್ತ ಕೊಟ್ಟೇನಿ. ಇಷ್ಟ ವರ್ಷದಾಗ ಯಾರಿಗೂ ಕೊಟ್ಟಿದ್ದಿಲ್ಲ."

"ಎಲ್ಲಾ ನಿಮ್ಮ ಆಶೀರ್ವಾದ್ರಿ."

"ಎಡಗಡಿ ಎತ್ತಿನ ಗೊರಸಿನ ಬಗ್ಗೆ ಅಂತೂ ಕಣ್ಣಿಗೆ ಕಟ್ಟಿಧಂಗ ಬರದಾಳ. ನಮ್ಮ ಅಣ್ಣಾರು ನೇಸರಗಿಯಿಂದ ಬಂದಿದ್ರು, ಅವರಿಗೂ ಓದಿ ಹೇಳಿದೆ. ಅವರಂತೂ ಎರಡೆರಡ ಸಲ ಓದಿಸಿದ್ರು."

ಒಳಗಿಂದ ಬಂದ ಚಹಾದ ಕಪ್ಪು-ಬಸಿಯನ್ನು ಅವರ ಮುಂದೆ ಸರಿಸುತ್ತ ಕೇಳಿದೆ: "ನಿಮ್ಮ ಅಣ್ಣಾರು ಅಂದ್ರ?"

"ನೀವು ಐದ ಬೆರಳ ಹಿಡದದ್ದು ಅವರದ ಕೈ ಅಲ್ಲೇನ್ರಿ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಬಡಿಯುವುದನ್ನು ನಿಲ್ಲಿಸಿ ನಕ್ಕಳು.

ವಹಿ ಇಸಿದುಕೊಂಡು ಓದಿದೆ. 'ನಮ್ಮಪ್ಪ ಎತ್ತಿನ ಮೈಯನ್ನು ನಮ್ಮ ಅಜ್ಜಿ ಕಾಳು ಆರಿಸುವ ಹಾಗೆ ನೋಡುತ್ತಾರೆ' ಎಂದು ಶುರು. ಆಹಾ ಅಂದುಕೊಂಡೆ. ಮುಂದೆ: 'ಎಡಗಡೆಯ ಎತ್ತಿನ ಹಿಂದಿನ ಕಾಲಿನ ಗೊರಸು ಒಂದು ಮಗ್ಗುಲಲ್ಲಿ ಸೀಳಿದೆ. ನಮ್ಮಪ್ಪ ಅದನ್ನು ರಾಡಿಯಲ್ಲಿ ನಿಲ್ಲಿಸಿದರು. ಆಗ ಗೊರಸು ಕಾಣಲಿಲ್ಲ. ಟಾವೆಲ್ ಕೆಳಗೆ ಮಾರುವವರ ಬೆರಳು ಮೂರು ಹಿಡಿದರು, ಕೊಳ್ಳುವವರ ಬೆರಳು ಐದು ಹಿಡಿದರು. ಉಳಿದ ಎರಡು ಬೆರಳು ಎಲ್ಲಿ ಹೋದವು ಎಂದು ನಾನು ಕೇಳಲಿಲ್ಲ. ಯಾಕೆಂದರೆ ಆ ದಿನ ಅಪ್ಪ ನನಗೆ ಜಿಲೇಬಿ ಕೊಡಿಸಿದರು.'

ಮಗಳು ಬಾಗಿಲ ಹಿಂದೆ ನಿಂತು ಉಗುರು ಕಡಿಯುತ್ತಿದ್ದಳು. ಮಾಸ್ತರು ಹೇಳಿದರು: "ಸವದತ್ತಿಗೆ ಇದನ್ನ ಕಳಸಬೇಕಂತೇನಿ. ಆದ್ರ ಅಲ್ಲಿ ಎಲ್ಲಾರ ಮುಂದ ಓದತಾರ. ನೀವು ಬ್ಯಾಡ ಅಂದ್ರ ಬಿಡೋಣು, ಮಳೆಗಾಲ ಕಳಸೋಣು."

"ಅಪ್ಪಾ, ತಪ್ಪ ಬರದೇನೇನ?" ಮಗಳ ದನಿ ಇಷ್ಟೇ ಇಷ್ಟು.

ತಪ್ಪು ಬರೆದಿ ಎಂದಿದ್ದರೆ ಅಂದೇ ಅವಳ ಬರವಣಿಗೆ ಮುಗಿಯುತ್ತಿತ್ತು. ಅದು ನನಗೆ ಗೊತ್ತಿತ್ತು. ಹಾಗಂತ ಸುಮ್ಮನೆ ಒಪ್ಪಿಕೊಳ್ಳುವ ಜಾತಿಯವನೂ ನಾನಲ್ಲ. ಚೌಕಾಶಿಗೆ ಕುಳಿತೆ.

"ತಪ್ಪೇನಿಲ್ಲ ತಂಗಿ. ರಾಡಿ ಸಾಲೊಂದು ತಗದ ಬಿಡು, ಸಾಕು."

"ಆ ಸಾಲು ನಾ ನೋಡಿ ಬರದದ್ದು. ಉಳದದ್ದ ಯಾರರ ಬರೀತಾರ."

"ಹಂಗಾರ ಆಮ್ಯಾಲ ನಮ್ಮಪ್ಪ ರಾಡಿ ತೊಳದ್ರು ಅಂತ ಇನ್ನೊಂದ ಸಾಲು ಸೇರಿಸು."

ಅವಳು ಸ್ವಲ್ಪ ಯೋಚನೆ ಮಾಡಿದಳು. "ನೀ ತೊಳದ್ರ ಬರೀತೇನಿ."

ಮಾಸ್ತರು ಚಹಾ ಬಸಿಯಲ್ಲಿ ಮುಖ ಮುಚ್ಚಿಕೊಂಡರು. ಪೇಟೆಯಲ್ಲಿ ನನ್ನ ಎದುರು ಇಷ್ಟು ಗಟ್ಟಿ ನಿಂತವರು ಕಡಿಮೆ. ನಾನು ಎದ್ದು ಒಂದು ಕೊಡ ನೀರು ತೆಗೆದುಕೊಂಡು ಹಿತ್ತಲಿಗೆ ಹೋದೆ. ಮಾಸ್ತರು ತಮ್ಮ ಮನೆಯಲ್ಲೇ ಉಳಿದಿದ್ದ ಅಣ್ಣನನ್ನು ಕರೆಸಿದರು. ಎಲ್ಲರ ಎದುರು ಎತ್ತಿನ ಕಾಲು ತೊಳೆದೆ; ಸೀಳು ಬೆರಳಷ್ಟು ಉದ್ದ ಇತ್ತು. ಮಗಳು ವಹಿ ಹಿಡಿದು ಮಗ್ಗುಲಲ್ಲೇ ಕುಕ್ಕುರುಗಾಲಲ್ಲಿ ಕುಳಿತಿದ್ದಳು, ನೀರು ಯಾವ ಬಣ್ಣಕ್ಕೆ ತಿರುಗಿತು ಎಂಬುದನ್ನೂ ಬರೆದುಕೊಂಡಳು.

ಹಿರಿಯರು ಕಾಲು ನೋಡಿದರು, ನನ್ನನ್ನು ನೋಡಿದರು. "ಎತ್ತು ಬ್ಯಾಡ್ರಿ. ಇನ್ನ ಮುಂದ ನಿಮ್ಮ ಮಗಳನ್ನ ಪ್ಯಾಟಿಗೆ ಕಳಸ್ರಿ, ಆಕಿ ಹೇಳಿದ ಎತ್ತು ತಗೋತೇನಿ. ದಲ್ಲಾಳಿ ರೊಕ್ಕಾನೂ ಆಕಿಗೇ ಕೊಡತೇನಿ."

ವ್ಯಾಪಾರ ಹೋಯಿತು. ಸ್ಪರ್ಧೆಯ ದಿನ ಯರಗಟ್ಟಿಯಲ್ಲಿ ಬಸ್ ಬದಲಿಸಿ ಸವದತ್ತಿಗೆ ಹೋದೆವು. ಮಗಳು ಅಂಜದೆ ಓದಿದಳು, ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ಹಿಂದಿನ ಸಾಲಿನಲ್ಲಿ ಕುಳಿತು ಮಂದಿಯ ಜೊತೆ ನಕ್ಕೆ. ಯಾರ ಅಪ್ಪ ಎಂದು ಗೊತ್ತಾಗಬಾರದಲ್ಲ! ಮೊದಲನೆಯ ಬಹುಮಾನ ನವಿಲು ಕುಣಿದ ಮಳೆಗಾಲಕ್ಕೆ ಹೋಯಿತು. ಎರಡನೆಯದು ಇನ್ನೊಂದು ಮಳೆಗಾಲಕ್ಕೆ. ನಮಗೆ ಏನೂ ಬರಲಿಲ್ಲ.

ಮರಳುವ ಬಸ್ಸಿನಲ್ಲಿ ಏನು ಸಮಾಧಾನ ಹೇಳಬೇಕೆಂದು ನಾನು ಮಾತು ಜೋಡಿಸುತ್ತಿದ್ದೆ. ಅವಳೇ ಶುರು ಮಾಡಿದಳು. "ಅಪ್ಪಾ, ನಂಬರ ಹಾಕವ್ರೊಳಗ ನಡುವ ಕುಂತ ಸಾಹೇಬ್ರು ಮೂರನೇ ನಿಬಂಧಕ್ಕನ ಮಲಗಿಬಿಟ್ರು. ಬಾಯಿಗೆ ನೊಣ ಬಂದು ಕುಂತಿತ್ತು. ಅವ್ರು ಅದನ್ನ ಹೊಡಿಯಾಕ ಎರಡೂ ಕೈ ಬಡದ್ರು, ಮಂದಿ ಚಪ್ಪಾಳಿ ಅಂತ ತಿಳದು ಚಪ್ಪಾಳಿ ಹೊಡದ್ರು." ಮುರಗೋಡ ದಾಟಿದರೂ ಮುಗಿಯಲಿಲ್ಲ. ಮನೆ ಮುಟ್ಟಿದ ಕೂಡಲೇ ಅವ್ವನ ಮುಂದೆ ಕುಳಿತು ಇನ್ನೊಂದು ಸಲ ಹೇಳಿ, ಆಮೇಲೆ ಯಾರೂ ಹೇಳದೆಯೇ ಬರೆಯಲು ಕುಳಿತಳು.

ಅಂದಿನಿಂದ ನಾನು ಪ್ರಾಮಾಣಿಕನಾದೆ ಎಂದು ಹೇಳುವುದಿಲ್ಲ. ಅವಳು ಪೇಟೆಗೆ ಬಂದ ದಿನ ಮಾತ್ರ ಎರಡೂ ಕಡೆ ಸಮ ಬೆರಳು ಹಿಡಿಯುತ್ತಿದ್ದೆ. ಅವಳು ಮೇಲಿಂದ ಮೇಲೆ ಬರತೊಡಗಿದಳು.

ನಿಮ್ಮ ಮನೆಯಲ್ಲೂ ಬರೆಯುವ ವಯಸ್ಸಿನ ಮಕ್ಕಳಿದ್ದರೆ ನಾನು ಹೇಳುವುದು ಇಷ್ಟು. ಮಗುವಿಗೆ ದೊಡ್ಡ ವಿಷಯ ಕೊಡಬೇಡಿರಿ. ದಿನಾ ನೋಡುವ ಒಂದು ಜಾಗಕ್ಕೆ ಕರೆದೊಯ್ದು ಬಿಡಿರಿ, ಗಿರಣಿಯಾಗಲಿ, ಕುಂಬಾರನ ಅಂಗಳವಾಗಲಿ. ಮಗು ಬರೆದದ್ದನ್ನು ಓದುವಾಗ ಕಾಗುಣಿತದ ತಪ್ಪನ್ನು ಆ ದಿನ ಹಿಡಿಯಬೇಡಿರಿ, ಎರಡು ದಿನ ತಾಳಿರಿ, ಅದೇನು ಓಡಿಹೋಗುವುದಿಲ್ಲ. ಮಗು ನಿಮ್ಮ ಬಗ್ಗೆ ಬರೆದರೆ ಮುಖ ಗಂಟಿಕ್ಕುವ ಮೊದಲು ಒಳಗೆ ಹೋಗಿ ನೀರು ಕುಡಿದು ಬರ್ರಿ. ಕೇಳುವಾಗ ಅಡಕೆ ಕತ್ತರಿಸುತ್ತ ಕುಳಿತುಕೊಳ್ಳಬೇಡಿರಿ, ಕೈ ಖಾಲಿ ಇರಲಿ. ಮುಗಿದ ಮೇಲೆ ಬರೀ ಛಲೋ ಐತಿ ಎಂದು ಬೆನ್ನು ತಟ್ಟಿ ಏಳಬೇಡಿರಿ. ಒಂದೇ ಒಂದು ಪ್ರಶ್ನೆ ಕೇಳಿರಿ, ಉತ್ತರ ನಿಮಗೆ ನಿಜವಾಗಿಯೂ ಗೊತ್ತಿರದಂಥದ್ದು. ಆಮೇಲೆ ನಾಳೆಗೆ ಇನ್ನೊಂದು ಹಾಳೆ ತಂದಿಡಿರಿ.