ಸಿಡುಕಮ್ಮನಿಗೆ ಕೂದಲು

ಬೀದಿದೀಪ ಇನ್ನೂ ಆರಿಲ್ಲ. ಕ್ಷೌರದಂಗಡಿಯ ಷಟರ್ ಅರ್ಧ ಎತ್ತಿಕೊಂಡು, ಅರವತ್ತು ದಾಟಿದ ಅಜ್ಜ ಗೊಂಬೆಯೊಂದನ್ನು ತೊಡೆಯ ಮೇಲೆ ಕೂರಿಸಿ ತಲೆ ಬಾಚುತ್ತಿದ್ದಾರೆ. ಮೊದಲ ಗಿರಾಕಿ ಗಡ್ಡ ಕೆರೆದುಕೊಳ್ಳುತ್ತ ಬರುವಷ್ಟರಲ್ಲಿ ಅದು ಪೆಟ್ಟಿಗೆ ಸೇರಬೇಕು. ಗೊಂಬೆಯಾಟದ ವಯಸ್ಸೇ ಇದು ಎಂದು ಕಾಲೆಳೆದೂ ಎಳೆದೂ ಬೀದಿಯವರಿಗೇ ಸಾಕಾಗಿದೆ.

ಅಜ್ಜನ ಬಳಿ ರಿಪೇರಿಗೆ ಬರುವ ಇವು ನೂರು ವರ್ಷ ಹಿಂದೆ ಯುರೋಪಿನಲ್ಲಿ ತಯಾರಾದ ಪಿಂಗಾಣಿ ಮುಖದ ಗೊಂಬೆಗಳು. ಸಂಗ್ರಹಕಾರರು ಕ್ಯಾರೆಕ್ಟರ್ ಗೊಂಬೆ ಎನ್ನುತ್ತಾರೆ. ಸುಂದರಿಯರಲ್ಲ, ನಿಜವಾದ ಮಕ್ಕಳ ಹಾಗೆ ಒಂದು ಅಳುತ್ತದೆ, ಒಂದು ಹಲ್ಲು ಕಿರಿಯುತ್ತದೆ. ಮುಖ ಉಳಿದರೂ ಕೂದಲಿಗೆ ನುಸಿ ಹಿಡಿದಿರುತ್ತದೆ. ಬಟ್ಟೆಯ ಪುಟ್ಟ ಟೋಪಿಗೆ ನಿಜವಾದ ಕೂದಲು ಹೊಲಿದು ಅವುಗಳ ತಲೆ ತುಂಬಿಸುವುದು ಅಜ್ಜನ ಇನ್ನೊಂದು ಕಸುಬು. ಗೊಂಬೆಗಳ ಫೋಟೊ ಎಲ್ಲೆಲ್ಲೋ ಅಚ್ಚಾಗುತ್ತದೆ, ಇವರನ್ನು ಯಾರೂ ನೆನೆಯುವುದಿಲ್ಲ.

ಅವರದೇ ಅನ್ನುವ ಗೊಂಬೆ ಒಂದೇ. ಗುಜರಿಯವನ ಗೋಣಿಚೀಲದಲ್ಲಿ ಸಿಕ್ಕಿದ್ದು, ತುಟಿ ಉಬ್ಬಿಸಿಕೊಂಡು ಮುನಿದದ್ದು. ಆಗಿನ್ನೂ ಅಂಬೆಗಾಲಿಡುತ್ತಿದ್ದ ಮಗಳ ಮುಖವೂ ದಿನವಿಡೀ ಹಾಗೇ ಇರುತ್ತಿತ್ತಂತೆ. ಇಬ್ಬರಿಗೂ ಸಿಡುಕಮ್ಮ ಎಂಬ ಹೆಸರು ಅಂಟಿತು. ಊರಿಗೆಲ್ಲ ಕೂದಲು ಹೊಲಿದವರ ಮನೆಯ ಗೊಂಬೆ ಮಾತ್ರ ಇಂದಿಗೂ ಬೋಳು.

"ಇದಕ್ಕೆ ಒಪ್ಪೋದು ಮಗಳ ಕೂದಲೇ. ಕೇಳೋಕೆ ಬಾಯಿ ಬರಲಿಲ್ಲ. ಅವಳಮ್ಮ ಎಣ್ಣೆ ತಿಕ್ಕಿ ಬೆಳೆಸಿದ್ದು ಅದು," ಎಂದು ಗೊಂಬೆ ನೋಡಲು ಬಂದ ನನಗೆ ಹೇಳುತ್ತಾರೆ. ಆ ತಾಯಿ ಈಗಿಲ್ಲ. ಅಜ್ಜನ ಕೈಯೂ ನಡುಗಲು ಶುರುವಾಗಿದೆ. ಬರುವ ವರ್ಷ ಸೂಜಿ ಹಿಡಿಯುವ ಭರವಸೆ ಅವರಿಗಿಲ್ಲ.

ಚಹಾದ ಫ್ಲಾಸ್ಕ್ ಹಿಡಿದು ಮಗಳು ಬಾಗಿಲಲ್ಲೇ ನಿಂತಿದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಮಗು ಹುಟ್ಟಿದ ಮೇಲೆ ಕೂದಲು ಉದುರಿ ಮನೆ ಗುಡಿಸಿ ಸಾಕಾಗಿದೆ ಎನ್ನುತ್ತ ಒಳಬಂದು ಕುರ್ಚಿಯಲ್ಲಿ ಕೂತಳು.

"ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವಾ ಅಪ್ಪ? ತಗೋ."

ಕತ್ತರಿಸುವ ಮೊದಲು ಕೂದಲು ಹೆಣೆದು ಕಟ್ಟಬೇಕು, ಇಲ್ಲದಿದ್ದರೆ ಸಿಕ್ಕಾಗುತ್ತದೆ. ಅಜ್ಜ ಹೆಣೆಯುತ್ತಾರೆ. ಜಡೆ ಸೊಟ್ಟಗಾಗುತ್ತದೆ. ಬಿಚ್ಚಿ ಮತ್ತೆ ಹೆಣೆಯುತ್ತಾರೆ. ಮಗಳು ಅವಸರ ಮಾಡುವುದಿಲ್ಲ. ಗಿರಾಕಿ ಬಂದು ಬೆಂಚಿನ ಮೇಲೆ ಕೂತು ನಿನ್ನೆಯ ಪೇಪರ್ ಬಿಡಿಸುತ್ತಾನೆ. ಕೊನೆಗೆ ಕತ್ತರಿ ಆಡುತ್ತದೆ.

ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜ ಹೇಳುತ್ತಾರೆ: "ಈ ಬೀದಿಯವರ ತಲೆಯೆಲ್ಲ ನನ್ನ ಕೈಯಲ್ಲೇ ಆಯ್ತು. ಮಗಳಿಗೆ ಜಡೆ ಹಾಕಿದ್ದು ಇವತ್ತೇ."