ಎರಡು ಸೀಟಿನ ಕಯಾಕ್

ನನ್ನ ಕೆಲಸವೇ ಅನುಮಾನ ಪಡುವುದು. ಅಮೆರಿಕದ ಲೈಲ್ ಎಂಬ ಊರಿನ ಒಂದು ಆಫೀಸಿನಲ್ಲಿ ಕೂತು, ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲಿ ಸುಳ್ಳು ಹೇಳುತ್ತಿದೆ ಎಂದು ಹುಡುಕಿ ತೋರಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೂ ಈ ಬುದ್ಧಿ ಮುಚ್ಚುವುದಿಲ್ಲ. ಹಾಲಿನ ಕ್ಯಾನಿನ ಮೇಲಿನ ತಾರೀಖನ್ನೂ ನಾನು ಮೂಸಿ ನೋಡದೆ ನಂಬುವವಳಲ್ಲ. ಅಂಥವಳ ಮುಂದೆ ನನ್ನ ಗಂಡ ಕಳೆದ ಏಪ್ರಿಲ್‌ನಲ್ಲಿ ಕಾರಿನ ನೆತ್ತಿಯ ಮೇಲೆ ಮೀನು ಹಿಡಿಯುವ ಕಯಾಕ್ ಎಂಬ ಕಿರುದೋಣಿಯೊಂದನ್ನು ಕಟ್ಟಿಕೊಂಡು ಬಂದು ನಿಂತರು.

ಮೀನು ಹಿಡಿಯುವ ಗಂಡಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಇವರು ಹುಟ್ಟಿದ್ದು ಮೈಸೂರಿನಲ್ಲಿ, ಈರುಳ್ಳಿ ಹೆಚ್ಚುವುದಕ್ಕೂ ದಿನ ನೋಡುವ ಮನೆಯಲ್ಲಿ. ಮೊಟ್ಟೆ ಹಾಕಿದ ಕೇಕ್ ಅಂದರೆ ಇವತ್ತಿಗೂ ಮುಖ ಕಿವುಚುವ ಮನುಷ್ಯ.

ಮೀನಿನ ಮನೆ ನನ್ನದು. ಶ್ರೀರಂಗಪಟ್ಟಣದ ಹತ್ತಿರ, ಕಾವೇರಿಗೆ ಕೂಗಳತೆಯ ದೂರದಲ್ಲಿ ಬೆಳೆದವಳು ನಾನು. ಭಾನುವಾರ ಬೆಳಿಗ್ಗೆ ಅಪ್ಪ ಹೊಳೆ ದಂಡೆಗೆ ಹೋಗಿ ಆಗತಾನೆ ಬಲೆಯಿಂದ ಬಿಡಿಸಿದ ಗೆಂಡೆಮೀನು ತರುತ್ತಿದ್ದರು. ಮನೆ ತಲುಪುವ ತನಕ ಅದು ಚೀಲದೊಳಗೆ ಬಡಿದಾಡುತ್ತಲೇ ಇರುತ್ತಿತ್ತು. ಪ್ರೀತಿಸಿ ಮದುವೆಯಾಗಿ ಇವರ ಮನೆಗೆ ಬಂದ ಮೊದಲ ವಾರದಲ್ಲೇ ಅತ್ತೆ ನನ್ನ ಕೈಗೆ ಕಾಫಿ ಲೋಟ ಕೊಡುತ್ತಾ, ತುಂಬ ಮೆತ್ತಗೆ, ನಮ್ಮಲ್ಲಿ ಅದೆಲ್ಲ ಇಲ್ಲಮ್ಮ, ಇನ್ನು ಮೇಲೆ ನಿನಗೂ ಬೇಡ ಅಂದರು. ನಾನು ಹೂಂ ಅಂದೆ. ಅಂದ ಮೇಲೆ ಮುಗಿಯಿತು. ಮನೆಯಲ್ಲಿ ಮಾತ್ರವಲ್ಲ, ಹೊರಗೂ ಬಿಟ್ಟೆ. ಅತ್ತೆ ಏಳು ಸಮುದ್ರದಾಚೆ ಇದ್ದಾಗಲೂ ಆಫೀಸಿನ ಊಟದಲ್ಲಿ ಎದುರಿಗಿದ್ದ ಹುರಿದ ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಹಟ ಅನ್ನಿ ಬೇಕಾದರೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಹಟ ನಡೆಯಿತು.

ಅತ್ತೆ ಕೊನೆಯ ವರ್ಷಗಳನ್ನು ಅರೋರಾದ ನಮ್ಮ ಮನೆಯಲ್ಲೇ ಕಳೆದು ತೀರಿಕೊಂಡರು. ಅವರ ವರ್ಷದ ಕಾರ್ಯ ಮುಗಿದು ಇನ್ನೂ ಹಿಮ ಕರಗಿರಲಿಲ್ಲ, ಕಯಾಕ್ ಬಂತು. ಅಮ್ಮನ ಕಣ್ಣು ತಪ್ಪಿತು, ಮಗ ನೀರಿಗಿಳಿದ. ಈ ಲೆಕ್ಕ ನನ್ನ ತಲೆಯಲ್ಲಿ ಆಗಲೇ ಕೂತಿತು.

ಕಯಾಕ್‌ನಲ್ಲಿ ಎರಡು ಸೀಟಿದ್ದವು. ಒಬ್ಬರೇ ಹೋಗುವವರಿಗೆ ಎರಡು ಸೀಟು ಯಾಕೆ ಎಂದು ಕೇಳಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇದೇ ಸಿಕ್ಕಿತು ಅಂದರು. ಹಿಡಿದ ಮೀನನ್ನು ಏನು ಮಾಡುತ್ತೀರಿ ಅಂದೆ. ವಾಪಸ್ ನೀರಿಗೇ ಬಿಟ್ಟುಬಿಡುವುದು, ಜೀವಕ್ಕೆ ಏನೂ ಆಗುವುದಿಲ್ಲ, ಬರೀ ನೀರಿನ ಮೇಲಿರುವ ಖುಷಿಗೆ ಅಂದರು. ಅಂದವರು ನನ್ನ ಮುಖ ನೋಡಲಿಲ್ಲ, ಕಯಾಕಿನ ಹಗ್ಗ ಬಿಚ್ಚುತ್ತಿದ್ದರು.

ಅಲ್ಲಿಂದ ಪ್ರತಿ ಶನಿವಾರ ಬೆಳಿಗ್ಗೆ ಡಬ್ಬಿಗೆ ಮೊಸರನ್ನ ತುಂಬಿಕೊಂಡು ದೊಡ್ಡ ಲೇಕಿನ ದಂಡೆಯ ವಾಕೀಗನ್ ಕಡೆಗೆ ಡ್ರೈವ್ ಮಾಡಿಕೊಂಡು ಹೊರಡುತ್ತಿದ್ದರು. ಸಂಜೆಯ ಹೊತ್ತಿನಲ್ಲಿ ಸೋಫಾದ ಮೇಲೆ ಕೂತು ವಿಡಿಯೋ. ಅಲಾಸ್ಕಾದಲ್ಲಿ ಯಾರೋ ಒಬ್ಬ ಇಂಥದೇ ಕಯಾಕ್‌ನಲ್ಲಿ ಕೂತು ಹಾಲಿಬಟ್ ಹಿಡಿಯುತ್ತಾನೆ. ಮನೆ ಬಾಗಿಲಿನಷ್ಟು ಅಗಲದ ಚಪ್ಪಟೆ ಮೀನು. ಅದು ಅವನನ್ನು ದೋಣಿ ಸಮೇತ ಸಮುದ್ರದ ತುಂಬ ಎಳೆದಾಡುತ್ತದೆ, ಅವನು ಅದರ ಬಾಲಕ್ಕೆ ಹಗ್ಗ ಬಿಗಿದು ದಡಕ್ಕೆ ತರುತ್ತಾನೆ. ನೋಡುವಂಥದ್ದೇ. ಆದರೆ ನನ್ನ ಗಂಡ ಹಿಂದಕ್ಕೆ ಎಳೆದೆಳೆದು ಮತ್ತೆ ಮತ್ತೆ ನೋಡುತ್ತಿದ್ದದ್ದು ಆ ಭಾಗವನ್ನಲ್ಲ. ಕೊನೆಗೆ ಆತ ಮರದ ಹಲಗೆಯ ಮೇಲೆ ಮೀನು ಕತ್ತರಿಸಿ ಬಾಣಲೆಗೆ ಹಾಕುವ ಭಾಗವನ್ನು. ಹಿಡಿದು ಬಿಡುವವರಿಗೆ ಕತ್ತರಿಸುವ ಪಾಠ ಯಾಕೆ?

ಆಮೇಲೆ ಸಾಕ್ಷಿಗಳು ಒಂದೊಂದಾಗಿ ಬಂದವು. ಅಡುಗೆಮನೆಯಲ್ಲಿ ಅರಿಸಿನದ ಡಬ್ಬಿ ಬೇಗ ಬೇಗ ಖಾಲಿಯಾಗತೊಡಗಿತು. ಊರಿಂದ ತರಿಸಿದ ಸಾರಿನ ಪುಡಿಯ ಪ್ಯಾಕೆಟ್ ಒಂದು ಕಾಣೆಯಾಯಿತು. ಎಲ್ಲಕ್ಕಿಂತ ದೊಡ್ಡದು ನಿಂಬೆಹಣ್ಣಿನ ವಾಸನೆ. ಶನಿವಾರ ಮನೆಗೆ ಬಂದವರ ಬೆರಳುಗಳು ಘಮ್ಮೆನ್ನುತ್ತಿದ್ದವು. ಮೀನು ಮುಟ್ಟಿದ ಕೈಗೆ ನಿಂಬೆ ಸಿಪ್ಪೆ ಉಜ್ಜುವುದನ್ನು ನಾನು ಹುಟ್ಟಿದಾಗಿನಿಂದ ಕಂಡವಳು. ಬೇರೆ ಹೆಂಡತಿಯ ಮೂಗಾಗಿದ್ದರೆ ತಪ್ಪಿಸಿಕೊಳ್ಳುತ್ತಿದ್ದರೇನೋ. ಒಂದು ದಿನ ಊಟಕ್ಕೆ ಕೂತಾಗ ಸುಮ್ಮನೆ, ಇವತ್ತು ಏನೋ ವಾಸನೆ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರು ಬೆರಳು ಮೂಸಿಕೊಂಡರು.

ಡೆಟ್ರಾಯಿಟ್ ಹತ್ತಿರ ಕಾಲೇಜಿನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ನಕ್ಕು, "ಮಾಮ್, ಲೆಟ್ ಹಿಮ್ ಹ್ಯಾವ್ ಎ ಹಾಬಿ" ಅಂದಳು. ಅವಳಿಗೇನು ಗೊತ್ತು? ಮೀನು ತಿಂದರೆ ತಿನ್ನಲಿ, ಅದು ಪಾಪವಲ್ಲ. ನನಗೆ ಬಿಡಿಸಿ ತಾವು ಕದ್ದು ತಿನ್ನುವುದು ನನಗೆ ಸಹಿಸಲಾಗದ ಮಾತು. ಅದು ನಿಜವಾಗಿದ್ದರೆ ನಾನು ಅಷ್ಟು ವರ್ಷ ತಟ್ಟೆ ಸರಿಸಿದ್ದು ಯಾರ ಸಲುವಾಗಿ? ಈ ಮನುಷ್ಯನ ಇನ್ಯಾವ ಮಾತನ್ನು ನಂಬಿಕೊಂಡು ನಾನು ಮುದುಕಿಯಾಗಬೇಕು? ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುವ ಗಾದೆಯನ್ನು ಯಾರೋ ನಮ್ಮ ಮನೆಯನ್ನು ನೋಡಿಯೇ ಕಟ್ಟಿದ ಹಾಗಿತ್ತು.

ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಲೆಮಾಂಟ್ ದೇವಸ್ಥಾನಕ್ಕೆ ಹೋಗಿದ್ದೆವು. ಪ್ರಸಾದದ ಸಾಲಿನಲ್ಲಿ ನಮ್ಮ ಬಡಾವಣೆಯ ಆಂಟಿಯೊಬ್ಬರು ನನ್ನ ಪಕ್ಕಕ್ಕೆ ಸರಿದು ನಿಂತರು. ಒಳ್ಳೆಯ ಸುದ್ದಿಗೆ ಅವರು ಹಾಗೆ ಸರಿಯುವವರಲ್ಲ.

"ನಮ್ಮ ಮಗ ವಾಕೀಗನ್ ಬೀಚಲ್ಲಿ ನಿಮ್ಮ ಯಜಮಾನ್ರನ್ನ ನೋಡಿದ್ನಂತೆ ಕಣೆ. ಬಾಣಲೆ ಇಟ್ಕೊಂಡು ಅದೇನೋ ಹುರೀತಿದ್ರಂತೆ. ಬಜ್ಜಿ ಇರಬೇಕು ಅಂದೆ ನಾನು."

ಬಜ್ಜಿಯೇ ಆಂಟಿ ಅಂದು ನಕ್ಕೆ. ವಾಪಸ್ ಬರುವಾಗ ಹೈವೇ ಹತ್ತಿದ ಮೇಲೆ, ಮುಂದಿನ ಶನಿವಾರ ನಾನೂ ಬರುತ್ತೇನೆ ಅಂದೆ. ತಡವರಿಸುತ್ತಾರೆ, ನೀರು ತಣ್ಣಗಿರುತ್ತದೆ ಎನ್ನುತ್ತಾರೆ ಎಂದು ಕಾದೆ. ಇವರು, ಬಾ, ಹವಾ ಚೆನ್ನಾಗಿರತ್ತೆ ಅಂದುಬಿಟ್ಟರು. ಇಷ್ಟು ಸಲೀಸಾಗಿ ಒಪ್ಪಿದ್ದು ನನ್ನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ಶನಿವಾರ ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ಅಲ್ಲಿ ಹೊಚ್ಚ ಹೊಸ ಲೈಫ್ ಜಾಕೆಟ್, ಅಳತೆ ತೆಗೆದುಕೊಂಡು ಹೊಲಿಸಿದಂತೆ ನನ್ನ ಮೈಗೆ ಸರಿಯಾಗಿ ಕೂತಿತು. ನನ್ನ ಹೆಸರಿನಲ್ಲಿ ಮೀನು ಹಿಡಿಯುವ ಲೈಸೆನ್ಸ್ ಕೂಡ ಮಾಡಿಸಿಟ್ಟಿದ್ದರು. ಇದು ಯಾವಾಗ ಎಂದರೆ, ಮೊದಲೇ ಇತ್ತು ಅಂದರು. ಯಾವ ಮೊದಲು ಎಂದು ಹೇಳಲಿಲ್ಲ.

ಲೇಕ್ ಅವತ್ತು ಶಾಂತವಾಗಿತ್ತು. ಮುಂದಿನ ಸೀಟಿನಲ್ಲಿ ನಾನು, ಹಿಂದಿನದರಲ್ಲಿ ಪೆಡಲ್ ತುಳಿಯುತ್ತಾ ಇವರು. ಸೈಕಲ್ಲಿನ ಹಾಗೆ ತುಳಿದರೆ ಕಯಾಕ್ ತಾನೇ ಹೋಗುತ್ತದೆ, ಕೈ ಖಾಲಿ. ಪಕ್ಕದ ಕೊಳವೆಗೆ ಗಾಳದ ಕೋಲು ಸಿಕ್ಕಿಸಿ, ಹೊಳೆಯುವ ತಗಡಿನ ಹುಸಿಮೀನು ಕಟ್ಟಿದ ದಾರವನ್ನು ಹಿಂದೆ ಎಳೆದುಕೊಂಡು ಹೋಗುತ್ತಿದ್ದೆವು. ಹಾರ್ಬರಿನ ಗೋಡೆ ಹಿಂದೆ ಸಣ್ಣದಾಯಿತು. ನನ್ನ ಬೆನ್ನ ಹಿಂದೆ ಇವರು ಏನು ಮಾಡುತ್ತಿದ್ದಾರೆ ಎಂದು ಕಾಣುವಂತಿರಲಿಲ್ಲ. ನನ್ನನ್ನು ಮುಂದೆ ಕೂರಿಸಿದ್ದು ಅದಕ್ಕೇ ಎಂದುಕೊಂಡೆ.

ಇದ್ದಕ್ಕಿದ್ದಂತೆ ಕೋಲು ಬಾಗಿ ತುದಿ ನೀರು ಮುಟ್ಟಿತು. ರೀಲು ಕಿರ್ರೆಂದು ಬಿಚ್ಚಿಕೊಳ್ಳತೊಡಗಿತು.

"ತಗೋ, ನೀನೇ ತಗೋ," ಅಂದರು ಹಿಂದಿನಿಂದ. "ತುದಿ ಮೇಲಿರಲಿ. ಓಡಿದ್ರೆ ಓಡಕ್ಕೆ ಬಿಡು, ನಿಂತಾಗ ಸುತ್ತು."

ಕೋಲು ಕೈಗೆ ಬಂದ ಕೂಡಲೇ ಭುಜದ ತನಕ ಜಗ್ಗಿತು. ಕಯಾಕಿನ ಮೂತಿ ತಿರುಗಿತು. ಆಮೇಲೆ ನಾವು ಹೋದದ್ದೆಲ್ಲ ಮೀನು ಕರೆದ ಕಡೆಗೆ. ವಿಡಿಯೋದಲ್ಲಿ ನೋಡಿದ್ದೆನಲ್ಲ, ಆ ಅಲಾಸ್ಕಾದವನ ಗತಿಯೇ ನನಗೂ ಆಯಿತು. ಎಳೆದಷ್ಟೂ ಅದು ಕೆಳಗಿಳಿಯಿತು. ಒಮ್ಮೆ ದೋಣಿಯ ಅಡಿಗೇ ನುಗ್ಗಿದಾಗ ನಾವು ಒಂದು ಪಕ್ಕಕ್ಕೆ ವಾಲಿ ತೊಡೆಯ ಮೇಲೆ ತಣ್ಣೀರು ಸುರಿಯಿತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಹೆದರಿಕೆಯ ಒಳಗೆ ಒಂದು ಹಳೆಯ ಸಂತೋಷವೂ ಇತ್ತು. ಅಪ್ಪನ ಚೀಲ ನನ್ನ ಕಾಲಿಗೆ ತಾಗಿ ಬಡಿದಾಡಿದ ಹಾಗೆ.

ತೋಳು ಬಿದ್ದುಹೋಗುತ್ತದೆ ಅನ್ನಿಸುವಾಗ ಅದು ದಣಿದು ಮೇಲೆ ಬಂತು. ಬೆಳ್ಳಿಯ ಮೈ, ಕಪ್ಪು ಬಾಯಿ, ನನ್ನ ತೋಳಿನಷ್ಟು ಉದ್ದ. ಕಿಂಗ್ ಸಾಲ್ಮನ್ ಅಂದರು. ಬಲೆಚೀಲವನ್ನು ತಲೆಯ ಕಡೆಯಿಂದ ತೂರಿಸಿ ಒಂದೇ ಸಲಕ್ಕೆ ಎತ್ತಿ ನಮ್ಮಿಬ್ಬರ ನಡುವೆ ಹಾಕಿದರು. ಇಷ್ಟು ನುರಿತ ಕೈ ಬಿಡುವವರ ಕೈಯಲ್ಲ ಎಂದು ನಾನು ಗುರುತು ಹಾಕಿಕೊಂಡೆ. ಬಿಡುತ್ತೀರಾ ಎಂದು ಕೇಳಿದೆ. ಇಲ್ಲ, ಇದನ್ನು ಬಿಡುವುದಿಲ್ಲ ಅಂದರು. ಸೀಟಿನ ಅಡಿಯಿಂದ ಸಣ್ಣ ದೊಣ್ಣೆ ತೆಗೆದು, ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಮಣಮಣ ಹೇಳಿಕೊಂಡು ಹೊಡೆದರು. ಏಟು ಕಯಾಕಿಗೆ ಬಿತ್ತು. ಇನ್ನೊಂದೂ ಹಾಗೇ. ಮೀನಿನ ಸಂಕಟ ನೋಡಲಾರದೆ ದೊಣ್ಣೆ ಕಿತ್ತುಕೊಂಡು ಅಪ್ಪ ಹೊಡೆಯುತ್ತಿದ್ದ ಜಾಗಕ್ಕೆ ನಾನೇ ಒಂದು ಕೊಟ್ಟೆ. ಅದು ಸುಮ್ಮನಾಯಿತು.

ದಡದಲ್ಲಿ ಪಿಕ್ನಿಕ್ ಟೇಬಲ್ಲಿನ ಮೇಲೆ ಇವರು ಕಾರಿನಿಂದ ಒಂದು ಪೆಟ್ಟಿಗೆ ತಂದಿಟ್ಟು ಮುಚ್ಚಳ ತೆಗೆದರು. ಚೂರಿ, ಸಣ್ಣ ಗ್ಯಾಸ್ ಸ್ಟವ್, ಬಾಣಲೆ, ನಿಂಬೆಹಣ್ಣು, ನನ್ನ ಅರಿಸಿನ, ನನ್ನ ಸಾರಿನ ಪುಡಿ. ನಾನು ತಿಂಗಳುಗಟ್ಟಲೆ ಹುಡುಕಿದ್ದೆಲ್ಲ ಒಂದೇ ಕಡೆ ಸಿಕ್ಕಿತು. ಮೈಯೆಲ್ಲ ಉರಿದುಹೋಯಿತು.

"ಎಷ್ಟು ದಿನದಿಂದ ತಿಂತಿದೀರಿ?"

"ನಾನು ತಿಂದಿಲ್ಲ."

"ಹಾಗಾದ್ರೆ ರುಚಿ ಯಾರು ನೋಡ್ತಿದ್ರು?"

ಗೋಡೆಯ ಮೇಲೆ ಗಾಳ ಹಾಕಿ ಕೂತಿದ್ದ ಇಬ್ಬರು ಅಮೆರಿಕನ್ ಮುದುಕರ ಕಡೆ ತೋರಿಸಿದರು. ಹಿಡಿದದ್ದನ್ನು ಅವರೇ ಕೊಂದು ಕೊಡುತ್ತಿದ್ದರು, ನಾನು ಹುರಿದು ಅವರಿಗೆ ಕೊಟ್ಟು ಹೇಗಿದೆ ಅಂತ ಕೇಳುತ್ತಿದ್ದೆ, ನಿನಗೆ ಮಾಡಿಕೊಡಬೇಕು ಅಂತ ಕಲಿಯುತ್ತಿದ್ದೆ ಅಂದರು. ಮುದುಕರಲ್ಲೊಬ್ಬ ನಮ್ಮತ್ತ ಕೈ ಬೀಸಿದ. ನಾನು ನಂಬಲಿಲ್ಲ. ಸಿಕ್ಕಿಬಿದ್ದವರೆಲ್ಲ ಹೆಂಡತಿಗಾಗಿಯೇ ಮಾಡಿರುತ್ತಾರೆ. ಇವರು ಮೀನು ತೊಳೆದು, ತುಂಡು ಮಾಡಿ, ಪುಡಿ ಹಚ್ಚಿ ಹುರಿದರು. ಎಣ್ಣೆಯಲ್ಲಿ ಸಾರಿನ ಪುಡಿ ಸೀದ ವಾಸನೆ ಬೀಚಿನ ತುಂಬ ಹರಡಿತು. ತಟ್ಟೆಯನ್ನು ನನ್ನ ಮುಂದೆ ಇಟ್ಟರು.

"ಮೊದಲು ನೀವು ತಿನ್ನಿ," ಅಂದೆ.

ಇದು ನನ್ನ ಟೆಸ್ಟು. ತಿಂದು ರೂಢಿಯಾದ ಬಾಯಿ ಅಡಗಿಕೊಳ್ಳಲಾರದು. ಇವರು ನನ್ನನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿದರು. ಮುಖದ ಬಣ್ಣ ಇಳಿಯಿತು. ಆಮೇಲೆ ದೊಡ್ಡದೊಂದು ತುಂಡನ್ನು ಎತ್ತಿ, ಬೋಂಡಾ ಹಾಕಿಕೊಳ್ಳುವ ಹಾಗೆ ಇಡಿಯಾಗಿ ಬಾಯಿಗೆ ಹಾಕಿಕೊಂಡು, ಎರಡು ಸಲ ಅಗಿದು ನುಂಗಿಬಿಟ್ಟರು.

ಮುಳ್ಳು ಬಿಡಿಸಲಿಲ್ಲ. ಬೆರಳಿನಲ್ಲಿ ಒತ್ತಿ ನೋಡಲಿಲ್ಲ, ನಾಲಿಗೆಯಲ್ಲಿ ಹುಡುಕಲಿಲ್ಲ. ನಮ್ಮ ಕಡೆ ಎರಡು ವರ್ಷದ ಮಗುವೂ ಹಾಗೆ ಮೀನು ತಿನ್ನುವುದಿಲ್ಲ. ಜನ್ಮದಲ್ಲಿ ಮೀನು ತಿಂದವರ ಕೆಲಸ ಅಲ್ಲವೇ ಅಲ್ಲ ಅದು. ನನ್ನ ಅನುಮಾನ ಆ ಕ್ಷಣದಲ್ಲಿ ಸತ್ತಿತು, ಸಮಾಧಾನಪಡುವ ಮೊದಲೇ ಇವರು ಗಂಟಲು ಹಿಡಿದುಕೊಂಡು ಕೆಮ್ಮತೊಡಗಿದರು. ಕಣ್ಣಲ್ಲಿ ನೀರು. ಮುಳ್ಳು ಸಿಕ್ಕಿಕೊಂಡಿತ್ತು.

ಮೀನಿನ ಮನೆಗಳಲ್ಲಿ ಇದಕ್ಕೆ ಒಂದೇ ಮದ್ದು, ಅನ್ನದ ಉಂಡೆ. ಅಲ್ಲಿದ್ದದ್ದು ಇವರ ಮೊಸರನ್ನ. ಮೀನು ಮೊಸರು ಒಟ್ಟಿಗೆ ಹೊಟ್ಟೆಗೆ ಹೋದರೆ ತೊನ್ನು ಹತ್ತುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದದ್ದು ನೆನಪಾಗಿ ಕೈ ಒಂದು ಗಳಿಗೆ ನಿಂತಿತು. ಹತ್ತಿದರೆ ಹತ್ತಲಿ ಎಂದು ಉಂಡೆ ಕಟ್ಟಿ ಬಾಯಿಗಿಟ್ಟು, ಅಗಿಯಬೇಡಿ, ಹಾಗೇ ನುಂಗಿ ಅಂದೆ. ಮೂರನೆಯ ಉಂಡೆಗೆ ಮುಳ್ಳು ಇಳಿಯಿತು. ಇಬ್ಬರೂ ಬೆಂಚಿನ ಮೇಲೆ ಕೂತುಬಿಟ್ಟೆವು.

ಮೀನೇ ಬೇಕಿದ್ದರೆ ಅಂಗಡಿಯಲ್ಲಿ ತರಬಹುದಿತ್ತಲ್ಲ, ಈ ಕಯಾಕು, ಈ ಸುಳ್ಳು ಯಾಕೆ ಎಂದು ಕೇಳಿದೆ. ಕೊಂಡ ಮೀನು ಮೀನೇ ಅಲ್ಲ, ಹಿಡಿದು ತಂದದ್ದೇ ಮೀನು ಅಂತ ಮದುವೆಗೆ ಮೊದಲು ನೀನೇ ಹೇಳಿದ್ದೆ ಅಂದರು. ಹೇಳಿದ್ದು ನನಗೆ ಮರೆತೇ ಹೋಗಿತ್ತು. ಇವರು ಮೊಸರನ್ನದ ಡಬ್ಬಿಗೆ ಮುಚ್ಚಳ ಹಾಕಿದರು.

"ಅಮ್ಮ ನಿನಗೆ ಅವತ್ತು ಬೇಡ ಅಂದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕಾಫಿ ಕುಡೀತಾ ಇದ್ದೆ. ಒಂದು ಮಾತು ಆಡ್ಲಿಲ್ಲ."

ನನಗೆ ಸಿಟ್ಟು ಬಂತು. ಮೀನಿನ ಮೇಲಿನ ಸಿಟ್ಟಲ್ಲ, ಇದನ್ನು ಹೇಳುವುದಕ್ಕೆ ಅತ್ತೆ ತೀರಿಕೊಳ್ಳಬೇಕಾಯಿತಲ್ಲ ಎನ್ನುವ ಸಿಟ್ಟು. ಅಳುವೂ ಬಂತು. ಎರಡನ್ನೂ ಮುಚ್ಚಿಕೊಳ್ಳಲು ತಟ್ಟೆ ಎಳೆದುಕೊಂಡೆ. ಬೆರಳುಗಳಿಗೆ ಏನೂ ಮರೆತಿರಲಿಲ್ಲ, ಅವೇ ಮುಳ್ಳು ಹುಡುಕಿ ಸಾಲಾಗಿ ಬಿಡಿಸಿ ತಟ್ಟೆಯ ಅಂಚಿಗಿಟ್ಟವು. ಮೊದಲ ತುತ್ತು ಬಾಯಿಗಿಟ್ಟೆ. ಸೀದ ಸಾರಿನ ಪುಡಿ, ಅದರಡಿಯಲ್ಲಿ ಎಲ್ಲೋ ಮೀನು.

"ಉಪ್ಪು ಹೇಗಿದೆ?" ಅಂದರು. ಗಂಟಲು ಇನ್ನೂ ಒಡೆದಿತ್ತು.

ಉಪ್ಪು ಹಾಕುವುದನ್ನೇ ಮರೆತಿದ್ದರು. ಸರಿಯಾಗಿದೆ ಅಂದೆ, ಇನ್ನೊಂದು ತುಂಡು ತೆಗೆದುಕೊಂಡೆ. ಅವರು ನಂಬಲಿಲ್ಲ. ನಾನು ತಿಂದು ಮುಗಿಸುವ ತನಕ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಾ ಕೂತಿದ್ದರು.